ಮೊದಲನೇ ಚೀಲಕ್ಕ ನಿಂತ ಮಷೀನು

ಕಂಪ್ಯೂಟರ್ ಮುಂದ ಕುಂತವ್ರು ನಗು ಹುಡುಕ್ಕೊಂಡು ಹೋಗೋದು ಬ್ಯಾಡ ನೋಡ್ರಿ. ಸಿಟ್ಟು ನೆತ್ತಿಗೇರಿದಾಗ ಅದೇ ಹುಡುಕ್ಕೊಂಡು ಬರ್ತದ. ಎಂಬತ್ತರ ದಶಕದ ಕೊನೀಗೆ ನಾನು ನಮ್ಮ ಕಡೆ ಅಂಗಡಿ, ಮಿಲ್ಲು ತಿರುಗಿ ಪ್ರೋಗ್ರಾಂ ಬರೀತಿದ್ದೆ.

ದೇವದುರ್ಗ

ಪ್ರೋಗ್ರಾಮಿನಾಗ ಸಬ್‌ರೂಟೀನ್ ಅಂತ ಸಣ್ಣ ತುಣುಕು ಇರ್ತಾವ. ಅಂಕಿ ಬೇಡೋ ತುಣುಕಿಗೆ ಅಕ್ಷರ ಕೊಟ್ರ ತಪ್ಪು ಅಂತ ತೋರಿಸಿ ನಿಂತುಬಿಡ್ತದ. ಹತ್ತಿ ಅಂಗಡಿ ಗುಮಾಸ್ತ ಚೀಲದ ಲೆಕ್ಕಕ್ಕ "ಸುಮಾರು 50" ಅಂತ ಹೊಡೆದಿದ್ದ.

"ಬರೇ ಐವತ್ತು ಹೊಡೀರಿ."

"ಎಣಿಸಿಲ್ರೀ. ಸುಳ್ಳು ಹ್ಯಾಂಗ ಹೊಡೀಲಿ?"

ಮಾನ್ವಿ

ಇದನ್ನ ಅಲ್ಲಿನ ವ್ಯಾಪಾರಿಗೆ ಬಿಡಿಸಿ ಹೇಳಿದೆ. "ಅದು ಬೇಡಿದ್ದು ಕೊಡ್ಲಿಲ್ಲಂದ್ರ ಕೆಲಸ ಬಿಟ್ಟು ಕುಂದರ್ತದ್ರೀ."

"ನಮ್ಮ ಅಳಿಯ ಹಂಗೇ ಅದಾನ," ಅಂದ. "ಅವನ್ನ ಸರಿ ಮಾಡಿ ಕೊಡ್ತೀರೇನು?"

ರಾಯಚೂರು

ಅಕ್ಕಿ ಮಿಲ್ಲಿನಾಗ ದಿನಾ ಮೊದಲನೇ ಚೀಲಕ್ಕೇ ಮಷೀನು ನಿಲ್ಲೋದು. ನಾ ಒಬ್ಬನೇ ಕುಂತು ಒಂದು, ಎರಡು ಅಂತ ಹೊಡೆದ್ರ ಸರಸರ ನಡೀತಿತ್ತು! ಸಾಹುಕಾರ್ರು ತಾಳ್ಮಿ ಕಳಕೊಂಡ್ರು. "ಶುಕ್ರವಾರದೊಳಗ ಸರಿ ಮಾಡ್ರಿ. ಇಲ್ಲಂದ್ರ ಮಷೀನು, ನೀವು ಒಂದೇ ಟಾಂಗಾದಾಗ ಹೋಗ್ರಿ."

ನನ್ನ ನೌಕರಿ ಹೋಗೋದಿತ್ತು. ಆದ್ರ ನಾನೂ ಬಿಡೋ ಪೈಕಿ ಅಲ್ಲ. ಶುಕ್ರವಾರ ಬೆಳಿಗ್ಗೆ ಗುಮಾಸ್ತ ಚಾಚಾನ ಬಾಜೂಕ ಕುಂತೇ ಬಿಟ್ಟೆ. ಬಾಗಿಲಿಗೆ ಆಗಲೇ ಟಾಂಗಾ ಬಂದು ನಿಂತಿತ್ತು, ನನ್ನ ಟ್ರಂಕೂ ಏರಿಸಿದ್ರು.

ಹಮಾಲ ಮೊದಲನೇ ಚೀಲ ಇಳಿಸಿ "ಲಾಭ!" ಅಂತ ಕೂಗಿದ. ನಮ್ಮ ಕಡೆ ಕಾಳಿನ ಚೀಲ ಎಣಿಸುವಾಗ ಮೊದಲನೇದಕ್ಕ ಒಂದು ಅನ್ನಂಗಿಲ್ಲ, ಶುಭ ಆಗ್ಲಿ ಅಂತ ಲಾಭ ಅಂತಲೇ ಶುರು ಮಾಡ್ಬೇಕು. ಚಾಚಾ ಅಷ್ಟೇ ಭಕ್ತಿಯಿಂದ ಇಂಗ್ಲಿಷ್ ಅಕ್ಷರದಾಗ "ಲಾಭ" ಅಂತ ಹೊಡೆದ. ಮಷೀನು ನಿಂತಿತು.

"ಚಾಚಾ, ಒಂದು ಹೊಡೀರಿ!"

"ತೋಬಾ! ಹಮಾಲ ಕೂಗಿದ್ದೇ ಹೊಡೀತೀನಿ ಸಾಬ್."

ಸಾಹುಕಾರ್ರ ಕಡೆ ತಿರುಗಿದೆ. ಅವ್ರೂ ಜಗ್ಗಲಿಲ್ಲ. "ನಮ್ಮಪ್ಪನ ಕಾಲದಿಂದ ಮೊದಲನೇ ಚೀಲಕ್ಕ ಒಂದು ಅಂದಿಲ್ಲ. ನಿಮ್ಮ ಮಷೀನಿಗೇ ಕಲಿಸ್ರಿ."

ಕಲಿಸ್ದೆ! ಇನ್ನೊಂದು ಸಬ್‌ರೂಟೀನ್ ಬರೆದೆ. ಲಾಭ ಬಂದ್ರ ಅದನ್ನ ಒಂದು ಮಾಡಿ ಮುಂದ ಕಳಿಸೋದು, ಅಷ್ಟೇ. ಮಧ್ಯಾಹ್ನದ ಲಾರಿ ಬಂತು, ಹಮಾಲ ಕೂಗಿದ, ಚಾಚಾ ಹೊಡೆದ, ಚೀಟಿ ಕಿರ್ರ್ ಅಂತ ಹೊರಗ ಬಂತು. ಕುಣೀಬೇಕು ಅನಸ್ತು ನನಗ.

ಸಾಹುಕಾರ್ರು ಇನ್ನೂ ಬಿಗಿದುಕೊಂಡೇ ಇದ್ರು. "ಒಟ್ಟು ಎಷ್ಟು ತಪ್ಪು ಸಿಕ್ಕವ್ರೀ?"

ಬೆಳಿಗ್ಗಿಂದ ಹಮಾಲನ ಕೂಗು ಕಿವಿಯಾಗ ತುಂಬಿತ್ತು. ಎದ್ದು ನಿಂತು ಜೋರಾಗಿ ಅಂದುಬಿಟ್ಟೆ: "ಲಾಭ!"

ಸಾಹುಕಾರ್ರು ನನ್ನ ಮುಖಾನೇ ನೋಡಿದ್ರು. ಆಮ್ಯಾಲೆ ಹಮಾಲನ ಕಡೆ ತಿರುಗಿ ಅಂದ್ರು: "ಲೇ, ಇವರ ಟ್ರಂಕು ಟಾಂಗಾದಿಂದ ಇಳಸಲೇ. ಇವ್ರು ನಮ್ಮವ್ರೇ ಆದ್ರು!"