ನಿಂತು ನಿಂತು ಓಡಿದ ಆಟ

ರಾತ್ರಿ ಮಲಗುವಾಗ ಗಾಳಿಯಂತೆ ಓಡುತ್ತಿದ್ದ ವಾಗೀಶನ ಗೇಮಿಂಗ್ ಕಂಪ್ಯೂಟರು, ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮುದಿ ಎಮ್ಮೆಯಾಗಿತ್ತು. ಪರದೆಯ ಮೇಲಿನ ಸಿಪಾಯಿ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಯೋಚನೆ ಮಾಡುತ್ತಿದ್ದ, ಆಮೇಲೆ ಇನ್ನೊಂದು ಹೆಜ್ಜೆ. ಕೆಡುವುದಕ್ಕೆ ಅದಕ್ಕೆ ಬೇರೆ ದಿನವೇ ಸಿಗಲಿಲ್ಲವೇ! ಅಂದು ಸಂಜೆ ಹೈದರಾಬಾದಿನ ಗೇಮಿಂಗ್ ತಂಡವೊಂದು ಆನ್‌ಲೈನಿನಲ್ಲಿ ಅವನ ಆಟ ನೋಡುವುದಿತ್ತು. ಚೆನ್ನಾಗಿ ಆಡಿದರೆ ತಂಡದಲ್ಲಿ ಜಾಗ.

ಈ ಕಂಪ್ಯೂಟರನ್ನು ಹಟ ಹಿಡಿದು ಕೊಡಿಸಿದವಳು ತಾಯಿ ಹೇಮಾವತಿ. ಆಟದ ತಲೆಬುಡ ಅವಳಿಗೆ ತಿಳಿಯದು. ಶೇಂಗಾ ಸುಲಿಯುತ್ತ ಪಕ್ಕದಲ್ಲಿ ಕೂತು, "ಇದರಾಗ ನೀನು ಯಾವನಪಾ?" ಎಂದು ದಿನಾ ಕೇಳುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡ ಮೇಲೆ ಹಾಗೆ ಕೇಳುವವರು ಮನೆಯಲ್ಲಿ ಇಲ್ಲವಾದರು. ತಂದೆ ಸಿದ್ದಬಸಪ್ಪ ಆದೋನಿ ಮಾರ್ಕೆಟ್ಟಿನ ಹತ್ತಿ ವ್ಯಾಪಾರಿ. ಹೊಸ ಹತ್ತಿ ಬಂದ ದಿನ ತಕ್ಕಡಿಗೆ ವಿಭೂತಿ ಹಚ್ಚಿ ಕಾಯಿ ಒಡೆಯದೆ ಒಂದು ಮೂಟೆಯನ್ನೂ ತೂಗಿದವನಲ್ಲ. ಮಗನ ಆಟದತ್ತ ಮಾತ್ರ ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ವಾಗೀಶ ಗ್ರಾಫಿಕ್ಸ್ ಸೆಟ್ಟಿಂಗುಗಳನ್ನೆಲ್ಲ ಕೆಳಗಿಳಿಸಿದ. ಸಿಪಾಯಿಯ ಮೀಸೆ ಮಾಯವಾಯಿತು, ಗೋಡೆಗಳ ಬಣ್ಣ ಹೋಯಿತು, ವೇಗ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಸೋದರತ್ತೆ ಕೊಟ್ರಮ್ಮ ಲಿಂಬೆಹಣ್ಣು ಹಿಡಿದು ಬಂದಳು. "ಕಣ್ಣು ಬಿದ್ದೈತಿ. ಓಣಿ ತುಂಬ ಹೈದರಾಬಾದು, ಹೈದರಾಬಾದು ಅಂತ ಹೇಳ್ಕೊಂಡು ತಿರುಗಿದ್ರ ಇನ್ನೇನಾಕೈತಿ?"

"ಹೇಳ್ಕೊಂಡು ತಿರುಗಿದಾಕಿ ನೀನ ಅತ್ತಿ!"

ಕಂಪ್ಯೂಟರಿನ ಡಬ್ಬಿಯ ಮೇಲೆ ಆಗಲೇ ಮೂರು ಗೆರೆ ವಿಭೂತಿ ಇತ್ತು. ಅದೂ ಅತ್ತೆಯದೇ ಕೆಲಸವಿರಬೇಕೆಂದು ವಾಗೀಶ ಸಿಟ್ಟಿನಿಂದ ಒರೆಸಿಹಾಕಿದ.

ಗಲಾಟೆ ಕೇಳಿ ಪಕ್ಕದ ಮನೆಯ ನರಸಪ್ಪ ಬಂದ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮೆಕ್ಯಾನಿಕ್ಕು. "ಒಳಗ ಹತ್ತಿ ಧೂಳು ಕುಂತೈತಿ. ಮಿಲ್ಲಿನ ಬ್ಲೋವರ್ ತಂದು ಊದಿದ್ರ ಒಂದು ನಿಮಿಷದ ಕೆಲಸ" ಎಂದ. ಬೇಡ ಎನ್ನುವಷ್ಟರಲ್ಲಿ ತಂದೂಬಿಟ್ಟ. ಧೂಳು ನಿಜಕ್ಕೂ ಇತ್ತು. ಡಬ್ಬಿಯಿಂದ ಎದ್ದದ್ದು ಕೊಟ್ರಮ್ಮನ ತಲೆಯ ಮೇಲೆ ಕೂತಿತು. "ಅಯ್ಯ, ನಿನ್ನ ಕೈ ಸೇದಿಹೋಗ್ಲಿ!" ಎಂದು ಆಕೆ ಲಿಂಬೆಹಣ್ಣನ್ನೇ ಅವನತ್ತ ಬೀಸಿದಳು.

ಸಿಪಾಯಿ ಮಾತ್ರ ಇನ್ನೂ ಯೋಚನೆಯಲ್ಲೇ ಇದ್ದ. "ಹಂಗಾದ್ರ ಬಿಸಿ ಆಗೈತಿ" ಎಂದು ನರಸಪ್ಪ ನಡುಮನೆಯಿಂದ ಕೂಲರ್ ಎಳೆದು ತಂದ. ಕೂಲರು, ಬ್ಲೋವರು ಎರಡೂ ಒಟ್ಟಿಗೆ ಓಡಿ ಮನೆಯ ಫ್ಯೂಸು ಹಾರಿತು.

ಆಗ ಒಂದು ವಿಚಿತ್ರ ನಡೆಯಿತು. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಿಟ್ಟು ಕದಲದ ಸಿದ್ದಬಸಪ್ಪ, ಕಂಪ್ಯೂಟರು ಕೆಟ್ಟ ಸುದ್ದಿ ಕೇಳಿ ಓಡೋಡಿ ಬಂದ. ತಾನೇ ಸ್ಟೂಲು ಹತ್ತಿ ಫ್ಯೂಸು ಕಟ್ಟಿದ. "ಸರಿ ಆತೇನು? ಸರಿ ಆಗ್ಬೇಕಲ್ಲ!" ಎಂದು ಮತ್ತೆ ಮತ್ತೆ ಕೇಳಿದ.

"ನಿನಗಿದು ತಿಳೆಂಗಿಲ್ಲಪ್ಪ, ಅಂಗಡಿಗೆ ಹೋಗು" ಎಂದು ವಾಗೀಶ ರೇಗಿದ. ಅಪ್ಪ ಹೋಗಲಿಲ್ಲ, ಬಾಗಿಲಲ್ಲೇ ನಿಂತ.

ಹೇಳಿದ ಹೊತ್ತಿಗೆ ಆಟ ಶುರುವಾಯಿತು. ವಾಗೀಶ ಗುರಿ ಹಿಡಿಯುವಷ್ಟರಲ್ಲಿ ಎದುರಾಳಿ ಅವನನ್ನು ಹೊಡೆದು ಮುಂದಿನ ಬೀದಿಗೆ ಹೋಗಿಯಾಗಿರುತ್ತಿತ್ತು. ಕೊನೆಗೆ ಹೆಡ್‌ಫೋನಿನಲ್ಲಿ ತಂಡದವನು ಮೆತ್ತಗೆ, "ಸಾರಿ ಬ್ರದರ್, ತರುವಾತ ಚೂದ್ದಾಂ" ಎಂದ. ಆಮೇಲೆ ನೋಡೋಣ ಎಂಬ ಮಾತು ತೆಲುಗಿನಲ್ಲಾದರೇನು, ಕನ್ನಡದಲ್ಲಾದರೇನು, ಆಗುವುದಿಲ್ಲ ಎಂದೇ ಅರ್ಥ. ವಾಗೀಶನ ಕಣ್ಣು ತುಂಬಿ ಬಂತು. ಅವ್ವ ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ಎಲ್ಲವನ್ನೂ ಕಿತ್ತು ಅಟ್ಟಕ್ಕೆ ಹಾಕಿಬಿಡುತ್ತೇನೆಂದು ಡಬ್ಬಿಯ ಹಿಂದೆ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಅಲ್ಲಿ ಒಂದೇ ಥರದ ಎರಡು ತೂತುಗಳು. ಪರದೆಯ ವೈರು ಇರಬೇಕಾದದ್ದು ಕೆಳಗಿನದರಲ್ಲಿ. ಅದು ಗ್ರಾಫಿಕ್ಸ್ ಕಾರ್ಡಿನದು, ಆಟ ಓಡಿಸುವ ಬಲವೆಲ್ಲ ಅದರದೇ. ವೈರು ಈಗ ಮೇಲಿನದರಲ್ಲಿತ್ತು. ಇಡೀ ದಿನ ಕಾರ್ಡು ಕೆಲಸವಿಲ್ಲದೆ ಕೂತಿತ್ತು. ಪಕ್ಕದಲ್ಲೊಂದು ಬಿಲ್ವಪತ್ರೆ ಸಿಕ್ಕಿಕೊಂಡಿತ್ತು.

"ಅತ್ತಿ, ಈ ಡಬ್ಬಿ ನೀ ಎತ್ತಿದ್ಯಾ?"

"ಆಕಿ ಅಲ್ಲ, ನಾನು" ಎಂದ ಸಿದ್ದಬಸಪ್ಪ ಬಾಗಿಲಿನಿಂದ. "ನೀ ಜಳಕಕ್ಕ ಹೋದಾಗ ಒಯ್ದು ನಿಮ್ಮವ್ವನ ಫೋಟೋ ಮುಂದ ಇಟ್ಟು ಕಾಯಿ ಒಡದೆ. ಆಕಿ ಇದ್ದಿದ್ರ ಆಕಿನ ಮಾಡ್ತಿದ್ಲು. ವೈರು ಎಲ್ಲಾ ಮೊದಲಿನಂಗ ಹಚ್ಚೀನಿ ಮತ್ತ." ಅವನ ದನಿ ಇಳಿಯಿತು. "ಪೂಜಿಯೊಳಗ ಏನರ ತಪ್ಪಾತೇನೋ, ಮಗಾ?"

ಅಪ್ಪ ತನ್ನ ಆಟಕ್ಕೆ ಕೈಮುಗಿದದ್ದು ಇದೇ ಮೊದಲು.

"ಇಲ್ಲಪ್ಪ. ಹತ್ತಿ ಧೂಳು."

"ನಾ ಹೇಳಿದ್ನಿಲ್ಲ?" ಎಂದು ನರಸಪ್ಪ ಎದೆಯುಬ್ಬಿಸಿದ.

ಅಪ್ಪನ ಎದುರಿಗೆ ಆ ವೈರನ್ನು ಕಿತ್ತು ಕೆಳಗೆ ಹಾಕಲು ವಾಗೀಶನಿಗೆ ಕೈ ಬರಲಿಲ್ಲ. ಅದನ್ನು ಇದ್ದಲ್ಲೇ ಬಿಟ್ಟು ಎದ್ದು ಕೂತ. ಸಿದ್ದಬಸಪ್ಪ ಹೇಮಾವತಿ ಕೂರುತ್ತಿದ್ದ ಜಾಗದಲ್ಲಿ ಬಂದು ಕೂತು, ಪರದೆಯನ್ನು ಸ್ವಲ್ಪ ಹೊತ್ತು ನೋಡಿದ.

"ಇದರಾಗ ನೀನು ಯಾವನಪಾ?"

"ಅಗೋ, ಬಿದ್ದಾನಲ್ಲ, ಅವನ."

"ಎಬ್ಬಿಸೋ ಅವನ್ನ."

ವಾಗೀಶ ಗುಂಡಿ ಒತ್ತಿದ. ಸಿಪಾಯಿ ನಿಂತು ನಿಂತು ಏಳತೊಡಗಿದ.