ಓಟಕ್ಕೆ ಬೆನ್ನು ಹಾಕಿ ಕೂಗಿದ್ದು

ಜಪಾನಿನಲ್ಲಿ ನಗೆಪಾಟಲಾಗುವುದಕ್ಕೆ ನಾನು ಯಾವತ್ತೂ ಕಷ್ಟಪಡಬೇಕಾಗಿ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಸಾಕು, ಬೀದಿಯ ಮೂಲೆ ತಿರುಗುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತಿತ್ತು. ಬೇರೆ ಕಡೆ ಪೆಚ್ಚಾದರೆ ಸಿಟ್ಟು ಬರುತ್ತದೆ. ಅಲ್ಲಿ ಪೆಚ್ಚಾದಾಗ ಮಾತ್ರ ಯಾಕೋ ಎದುರಿಗಿದ್ದವರಿಗೆ ಕೈಮುಗಿಯೋಣ ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ಇನ್ನೇನು ಬರುವುದರಲ್ಲಿತ್ತು. ಕಂಪ್ಯೂಟರುಗಳು ಅದನ್ನು ಸಾವಿರದ ಒಂಬೈನೂರು ಅಂತ ತಿಳಿದುಕೊಂಡುಬಿಟ್ಟರೆ ಏನು ಗತಿ ಎಂದು ಲೋಕವೆಲ್ಲ ಹೆದರಿ ಕೂತಿದ್ದ ಕಾಲ. ಆ ಹೆದರಿಕೆಯ ಪುಣ್ಯದಿಂದ ನಮ್ಮ ಯಜಮಾನರನ್ನು ಅವರ ಬೆಂಗಳೂರಿನ ಕಂಪನಿ ಒಸಾಕಾದಿಂದ ಆಚೆ ಒಂದು ಕಾಲೇಜು ಊರಿಗೆ ಕಳಿಸಿತು. ಕಾಲೇಜು ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಕೆಂಪು ಇಟ್ಟಿಗೆಯ ಕಟ್ಟಡ, ಗಡಿಯಾರದ ಗೋಪುರ, ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪದ ಮರಗಳು. ಕಾಲ ನಿಜವಾಗಿಯೂ ನೂರು ವರ್ಷ ಹಿಂದಕ್ಕೆ ಹೋಗಿದ್ದರೆ ಕಂಪ್ಯೂಟರಿಗೆ ತೊಂದರೆಯಾಗುತ್ತಿತ್ತೇ ಹೊರತು, ಕಾಲೇಜಿಗೆ ಗೊತ್ತೇ ಆಗುತ್ತಿರಲಿಲ್ಲ.

ಸಣ್ಣ ತೆಂಗಾಯಿ

ಹೋದ ಹೊಸತು. ದಿನಸಿ ಎಲ್ಲಿ ಸಿಗುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿದೆ. ಆಕೆ ನಗುತ್ತಾ, "ಶೋತೆಂಗಾಯಿ!" ಎಂದು ಕಾಲೇಜಿನ ದಿಕ್ಕಿಗೆ ಕೈ ತೋರಿಸಿದರು.

ಬೆಂಗಳೂರಿನಲ್ಲಿ ತಮಿಳರ ಬೀದಿಯಲ್ಲಿ ಬೆಳೆದ ನನ್ನ ಕಿವಿ ನೆಟ್ಟಗಾಯಿತು. ಅಲ್ಲಿ ತೆಂಗಾಯಿ ಅಂದರೆ ತೆಂಗಿನಕಾಯಿಯೇ. "ಶೋ" ಅಂದರೆ ಸಣ್ಣದು ಅಂತ ಬೇರೆ ನಾಲ್ಕು ದಿನದ ಹಿಂದೆ ಪುಸ್ತಕದಲ್ಲಿ ಓದಿಕೊಂಡಿದ್ದೆ.

"ರೀ, ಇಲ್ಲಿ ಕಾಯಿ ಸಿಗತ್ತಂತೆ. ಸ್ವಲ್ಪ ಸಣ್ಣದಂತೆ, ಪರವಾಗಿಲ್ಲ. ಸಂಜೆ ದೋಸೆಗೆ ಚಟ್ನಿ ಮಾಡ್ತೀನಿ" ಎಂದು ಚೀಲ ಹಿಡಿದು ಹೊರಟೆ.

ಮೇಲೆ ಮಾಡು ಹೊದಿಸಿದ ಉದ್ದನೆಯ ಬೀದಿ. ಎರಡೂ ಕಡೆ ಪುಟ್ಟ ಪುಟ್ಟ ಅಂಗಡಿಗಳು: ಓಟದ ಬೂಟು, ಕಾಲೇಜಿನ ಸಮವಸ್ತ್ರ ಹೊಲಿಯುವ ದರ್ಜಿ, ಅಕ್ಕಿ ಹಪ್ಪಳ, ತೋಫು. ಮೊದಲನೆಯ ಅಂಗಡಿಗೆ ನುಗ್ಗಿ, ಅಲ್ಲಿನ ರೂಢಿಯಂತೆ ಕ್ಷಮೆ ಕೇಳಿಕೊಂಡು, "ಸುಮಿಮಾಸೆನ್, ಶೋತೆಂಗಾಯಿ ಎಲ್ಲಿ?" ಅಂದೆ. ಬೂಟಿನಂಗಡಿಯವರು ಎರಡೂ ಕೈ ಚಾಚಿ ನೆಲ ತೋರಿಸಿದರು. ದರ್ಜಿಯೂ ನೆಲ ತೋರಿಸಿದರು. ಹಪ್ಪಳದವರು ನೆಲ ತೋರಿಸಿ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದರು. ಕೊನೆಗೆ ತೋಫು ಅಂಗಡಿಯ ಅಜ್ಜಿ ಒದ್ದೆ ಕೈಯನ್ನು ಸೆರಗಿಲ್ಲದ್ದಕ್ಕೆ ಸೊಂಟಕ್ಕೆ ಕಟ್ಟಿದ ಏಪ್ರನ್ನಿಗೇ ಒರೆಸಿಕೊಂಡು, ಅಂಗಡಿಯನ್ನು ಹಾಗೇ ಬಿಟ್ಟು, ನನ್ನ ಕೈ ಹಿಡಿದು ಬೀದಿಯ ಬಾಯಿಯವರೆಗೆ ನಡೆಸಿಕೊಂಡು ಹೋದರು. ಅಲ್ಲಿನ ದೊಡ್ಡ ಫಲಕ ತೋರಿಸಿ ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಶೋ-ತೆನ್-ಗಾಯಿ. ಅಂಗಡಿ ಬೀದಿ.

ಊರಿನವರು ಇಡೀ ಬೀದಿಯನ್ನೇ ನನ್ನ ಕೈಗಿಟ್ಟರು. ಚಟ್ನಿಗೆ ಒಂದು ಹೋಳೂ ಹುಟ್ಟಲಿಲ್ಲ.

ಓಸ್!

ಅಲ್ಲಿಂದ ಮುಂದೆ ತೋಫು ಅಜ್ಜಿ ನನ್ನ ಸ್ನೇಹಿತೆಯಾದರು. ಒಂದು ಬೆಳಿಗ್ಗೆ ಅವರ ಅಂಗಡಿಯಲ್ಲಿದ್ದಾಗ ಒಬ್ಬ ವಿದ್ಯಾರ್ಥಿ ಬಂದ. ಮೊಣಕಾಲು ಮುಟ್ಟುವ ಕರಿ ಕೋಟು, ಕತ್ತಿನವರೆಗೂ ಗುಂಡಿ, ಕಾಲಿಗೆ ಮರದ ಮೆಟ್ಟು. ಯಾರೋ ವಕೀಲರು ದಾರಿ ತಪ್ಪಿ ಬಂದಿದ್ದಾರೆ ಅಂದುಕೊಂಡೆ. ಆತ ಹೊಸ್ತಿಲಲ್ಲಿ ನಿಂತು, ಸೊಂಟ ಮುರಿಯುವಂತೆ ಬಗ್ಗಿ, "ಓಸ್!" ಎಂದು ಗುಡುಗಿದ. ಅಜ್ಜಿ ತಕ್ಷಣ ತೋಫು ಹಿಂಡಿ ಉಳಿದ ಸೋಯಾ ಚರಟವನ್ನು ಒಂದು ಚೀಲ ತುಂಬಿ ಕೊಟ್ಟರು. ಕಾಸು ಕೇಳಲಿಲ್ಲ.

ಮನೆಗೆ ಬಂದು ಹೇಳಿದೆ. "ರೀ, ಇಲ್ಲೂ ನಮ್ಮೂರಿನ ಹಾಗೇ. ಪುಕ್ಕಟೆ ಬೇಕಾದರೆ ಓಸಿ ಅನ್ನಬೇಕು."

"ಅಂದ ಕೂಡಲೇ ಕೊಟ್ಟುಬಿಡ್ತಾರಾ?"

"ಬಗ್ಗಿ ಅನ್ನಬೇಕು ಅಷ್ಟೆ. ಮರ್ಯಾದಸ್ಥ ಜನ."

ಮಾರನೆಯ ದಿನ ಹೊಸ್ತಿಲಲ್ಲಿ ನಿಂತು, ಸೀರೆ ಸರಿ ಮಾಡಿಕೊಂಡು, ಬಗ್ಗಿ, "ಓಸ್!" ಅಂದೆ. ಅಜ್ಜಿಯ ಕೈಯ ಸೌಟು ನೀರಿಗೆ ಬಿತ್ತು. ಗಿರಾಕಿಗಳು ಬೊಂಬೆಗಳಾದರು. ನನ್ನ ಹಿಂದಿನಿಂದ ಅಷ್ಟೇ ಜೋರಾಗಿ ಇನ್ನೊಂದು "ಓಸ್!" ಬಂತು. ತಿರುಗಿದರೆ ಕರಿ ಕೋಟಿನ ಹುಡುಗ, ಕಣ್ಣಲ್ಲಿ ನೀರು.

"ಓಕುಸಾನ್," ಎಂದ. ಅಮ್ಮಾವ್ರೇ ಅನ್ನುವ ಹಾಗೆ. "ನಮ್ಮ ಸಂಘ ಸೇರಲು ಬಂದಿರಾ?"

ಓಸ್ ಅನ್ನುವುದು ಅವನ ಸಂಘದ ನಮಸ್ಕಾರವಂತೆ. ಅದು ಕಾಲೇಜಿನ ಕೂಗುಸಂಘ. ಕಾಲೇಜಿನ ಹುಡುಗರು ಓಡುವಾಗ ನಿಂತು ಕೂಗಿ ಹುರಿದುಂಬಿಸುವುದೇ ಕೆಲಸ. ಕಾಲೇಜಿನಷ್ಟೇ ವಯಸ್ಸು ಅದಕ್ಕೆ. ಹಿರಿಯರು ಪಾಸಾಗಿ ಹೋದರು, ಕಿರಿಯರು ಬರಲಿಲ್ಲ. ನಾಯಕ ಇವನೇ, ನಗಾರಿ ಬಾರಿಸುವವನೂ ಇವನೇ, ಬಾವುಟ ಹೊರುವವನೂ ಕೋಣೆ ಗುಡಿಸುವವನೂ ಇವನೇ. ಶರತ್ಕಾಲದಲ್ಲಿ ಎದುರಾಳಿ ಕಾಲೇಜಿನ ಜೊತೆ ಓಟದ ಪಂದ್ಯ ಇದೆ. ಅಷ್ಟರಲ್ಲಿ ಇನ್ನೊಬ್ಬ ಸದಸ್ಯ ಸಿಗದಿದ್ದರೆ ಸಂಘ ಮುಚ್ಚಿ ಕೋಣೆ ಬೇರೆಯವರಿಗೆ ಅಂತ ಕಾಲೇಜು ಆಫೀಸಿನವರು ಹೇಳಿಬಿಟ್ಟಿದ್ದರು.

"ಒಬ್ಬರೇ ಇದ್ದುಕೊಂಡು ದಿನಾ ಏನು ಮಾಡ್ತೀರಿ?" ಎಂದೆ.

"ಬೆಳಿಗ್ಗೆ ಕೋಣೆಗೆ ಹೋಗಿ ನಾಯಕನಿಗೆ ನಮಸ್ಕಾರ ಮಾಡುತ್ತೇನೆ."

"ನಾಯಕ ನೀವೇ ಅಲ್ವಾ?"

"ಹಾಯ್, ಹೌದು. ಆದ್ದರಿಂದ ಆಮೇಲೆ ಒಳಗೆ ಹೋಗಿ, ತಿರುಗಿ ನಿಂತು, ನಮಸ್ಕಾರ ಸ್ವೀಕರಿಸುತ್ತೇನೆ."

ಕೋಣೆ ಯಾರಿಗೆ

ಆ ಕೋಣೆಯ ಮೇಲೆ ಕಣ್ಣಿಟ್ಟಿದ್ದದ್ದು ಹೊಸದಾಗಿ ಹುಟ್ಟಿದ ಇಂಟರ್ನೆಟ್ ಸಂಘ. ಅದಕ್ಕೆ ಸಲಹೆಗಾರರು ಯಾರು? ನಮ್ಮ ಯಜಮಾನರು.

"ಎಷ್ಟು ಚುರುಕು ಹುಡುಗರು ಗೊತ್ತಾ? ಕಾಲೇಜಿಗೆ ವೆಬ್‌ಸೈಟ್ ಮಾಡ್ತಿದ್ದಾರೆ. ಫ್ಯೂಚರ್ ಕಣೇ ಅದು."

"ಈ ಹುಡುಗ ದಿನಾ ಖಾಲಿ ಕೋಣೆಗೆ ನಮಸ್ಕಾರ ಮಾಡ್ತಾನೆ. ಅವನ ಹೊಟ್ಟೆ ಉರಿಸಬೇಡಿ."

"ಕೂಗೋದಕ್ಕೆ ಕೋಣೆ ಯಾಕೆ? ಬಯಲಿದೆಯಲ್ಲ!"

"ಇಂಟರ್ನೆಟ್ಟಿಗೆ ಕೋಣೆ ಯಾಕೆ? ಅದು ಪ್ರಪಂಚದಲ್ಲೆಲ್ಲ ಇದೆ ಅಂತ ನೀವೇ ತಾನೆ ಹೇಳ್ತಿದ್ದಿದ್ದು?"

ಮದುವೆಯಾದ ಇಷ್ಟು ವರ್ಷದಲ್ಲಿ ಅವರು ತಾವಾಗಿಯೇ ಎರಡನೇ ಸಲ ಸಾರು ಬಡಿಸಿಕೊಂಡದ್ದು ಅವತ್ತೇ.

ಬೈಸಿಕೊಳ್ಳುವ ಕ್ರಮ

ಆ ಕಾಲೇಜಿನಲ್ಲಿ ಕೆಲವು ತರಗತಿಗಳಿಗೆ ಊರಿನವರೂ ಹೋಗಿ ಕೂರಬಹುದಿತ್ತು. ನಾನು ಜಪಾನಿ ಭಾಷೆಯ ತರಗತಿಗೆ ಹೋಗುತ್ತಿದ್ದೆ. ಹಾಗಾದರೆ ಓಕುಸಾನ್ ವಿದ್ಯಾರ್ಥಿನಿಯೇ ಅಲ್ಲವೇ ಎಂದು ನಾಯಕ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದ. ಅಲ್ಲಿನ ಅಧಿಕಾರಿ ನನ್ನ ನರೆಗೂದಲು ನೋಡಿದರು, ಸೀರೆ ನೋಡಿದರು, ಹಲ್ಲಿನ ಸಂದಿಯಿಂದ "ಸ್ಸ್ಸ್" ಎಂದು ಉಸಿರೆಳೆದುಕೊಂಡರು. ಅಲ್ಲಿ ಯಾರೂ ಬಾಯಿಬಿಟ್ಟು ಆಗಲ್ಲ ಅನ್ನುವುದಿಲ್ಲ, ಹೀಗೆ ಉಸಿರೆಳೆಯುತ್ತಾರೆ. ಆದರೆ ನಲವತ್ತು ದಾಟಿದವರು ಕೂಗಬಾರದು ಅಂತ ಎಲ್ಲೂ ನಿಯಮ ಇರಲಿಲ್ಲ. ಕೊನೆಗೆ, "ಪಂದ್ಯದ ದಿನ ಕೊನೆಯ ಓಟ ಮುಗಿಯುವ ತನಕ ಇಬ್ಬರೂ ನಿಂತು ಕೂಗಿದರೆ ಮಾತ್ರ ಇಬ್ಬರು ಅಂತ ಲೆಕ್ಕ" ಎಂದರು.

ಸಂಘದ ಕಟ್ಟುಪಾಡು ಆಮೇಲೆ ತಿಳಿಯಿತು. ನಾಲ್ಕನೇ ವರ್ಷದವನು ದೇವರು. ಒಂದನೇ ವರ್ಷದವರು ಕಸ. ದೇವರು ಕಸಕ್ಕೆ ದಿನಾ ಬೈಯಲೇಬೇಕು, ಅದೇ ತರಬೇತಿ. ಪಾಪ, ಹುಡುಗ ಒಬ್ಬ ಕಿರಿಯನಿಗಾಗಿ ಎಷ್ಟು ದಿನದಿಂದ ಕಾದಿದ್ದನೋ. ಸಿಕ್ಕಿದ್ದು ತನ್ನ ತಾಯಿಯ ವಯಸ್ಸಿನವಳು.

ಮೊದಲ ದಿನ ಕೆಂಪಗಾಗಿ ನಿಂತುಕೊಂಡ. "ಓಕುಸಾನ್, ಇದು ಬಹಳ ಅವಿನಯ. ದಯವಿಟ್ಟು ಸ್ವಲ್ಪ ಬೈಸಿಕೊಳ್ಳುತ್ತೀರಾ?"

"ಅಯ್ಯೋ, ಬೈಯಪ್ಪಾ."

ಅವನು ಗೋಡೆಯ ಕಡೆಗೆ ತಿರುಗಿ, "ದನಿ ಸಾಲದು! ಹೊಟ್ಟೆಯಿಂದ ಬರಲಿ!" ಎಂದು ಸುಣ್ಣ ಉದುರುವಂತೆ ಅಬ್ಬರಿಸಿದ. ಮತ್ತೆ ನನ್ನ ಕಡೆ ತಿರುಗಿ ಕ್ಷಮೆ ಕೇಳಿ, ಚಹಾ ಕೊಟ್ಟ.

ಅವರ ಕೂಗು "ಫುರೇ! ಫುರೇ!" ಅಂತ. ಎಷ್ಟು ತಿದ್ದಿದರೂ ನನ್ನ ಬಾಯಲ್ಲಿ ಅದು "ಪೂರಿ! ಪೂರಿ!" ಅಂತಲೇ ಬರುತ್ತಿತ್ತು. ಹೊಟ್ಟೆಯಿಂದ ಬರಬೇಕು ಅಂದಿದ್ದನಲ್ಲ, ಬಂದದ್ದು ಅಲ್ಲಿಂದಲೇ.

ಕೇಳಿದ್ದೇನೆ

ಪಂದ್ಯದ ದಿನ ಬಂತು. ಮೈದಾನದ ಅಂಚಿನಲ್ಲಿ ನಿಂತು ಓಟದ ಪಟ್ಟೆಗಳ ಕಡೆ ಮುಖ ಮಾಡಿದೆ. ನಾಯಕ ಗಾಬರಿಯಾಗಿ, "ಓಕುಸಾನ್, ಆ ಕಡೆ ಬೆನ್ನು!" ಎಂದ.

"ಓಟ ಆ ಕಡೆ ಇದೆಯಲ್ಲಪ್ಪಾ?"

"ಓಟಕ್ಕೆ ಬೆನ್ನು, ಜನರ ಕಡೆ ಮುಖ. ಜನರನ್ನು ಎಬ್ಬಿಸಿ ಕೂಗಿಸುವವರು ನಾವು. ಕೊನೆಯ ತನಕ ತಿರುಗುವಂತಿಲ್ಲ."

"ಹಾಗಾದರೆ ನಾಲ್ಕು ವರ್ಷದಲ್ಲಿ ನೀವು ಒಂದು ಓಟವನ್ನೂ ನೋಡಿಲ್ಲವಾ?"

"ಇಲ್ಲ," ಎಂದು ಬಿಳಿ ಕೈಗವಸು ಏರಿಸಿಕೊಂಡ. "ಕೇಳಿದ್ದೇನೆ."

ಅವನಿಂದ ಎರಡು ಹೆಜ್ಜೆ ಹಿಂದೆ, ಒಂದನೇ ವರ್ಷದ ಕಸ ನಿಲ್ಲಬೇಕಾದ ಜಾಗದಲ್ಲಿ ನಿಂತುಕೊಂಡೆ.

ಎದುರಿಗೆ ಮೆಟ್ಟಿಲುಗಳ ಮೇಲೆ ಅಂಗಡಿ ಬೀದಿಯ ಜನ. ನಡುವೆ ಆ ಅಧಿಕಾರಿ, ನಾವು ನಿಂತಿದ್ದೇವೋ ಇಲ್ಲವೋ ಎಂದು ನೋಡುತ್ತಾ. ಒಂದು ಪಕ್ಕದಲ್ಲಿ ನಮ್ಮ ಯಜಮಾನರು, ಅವರ ಇಂಟರ್ನೆಟ್ ಹುಡುಗರ ಜೊತೆ. ಓಟದ ಮೇಲೆ ಓಟ ಮುಗಿಯಿತು. ನನ್ನ ಗಂಟಲು ಹರಿಯಿತು, ಕಾಲು ಮರಗಟ್ಟಿತು. ಅಧಿಕಾರಿಯ ಕಣ್ಣು ನನ್ನ ಕಾಲಿನ ಮೇಲೇ ಇತ್ತು.

ಕೊನೆಯದು ದೂರದ ಓಟ. ಸ್ವಲ್ಪ ಹೊತ್ತಿಗೆ ಎದುರಿನ ಮುಖಗಳು ಬದಲಾದವು. ಬೂಟಿನಂಗಡಿಯವರು ಎದ್ದು ನಿಂತರು. ತೋಫು ಅಜ್ಜಿ ಕಣ್ಣೊರೆಸಿಕೊಂಡರು. ಅಧಿಕಾರಿ ನಮ್ಮನ್ನು ಮರೆತು ತಲೆಯ ಮೇಲೆ ಚಪ್ಪಾಳೆ ತಟ್ಟತೊಡಗಿದರು. ನಮ್ಮವರಂತೂ ಬೆಂಚು ಹತ್ತಿ, "ಬಾರೋ! ಬಾರೋ ನನ್ನಪ್ಪಾ!" ಎಂದು ಅಚ್ಚಗನ್ನಡದಲ್ಲಿ ಕಿರುಚುತ್ತಿದ್ದರು. ತಿರುಗಿ ನೋಡಬೇಕೆಂದು ನನ್ನ ಕತ್ತು ತುರಿಸಿತು. ಎಷ್ಟೋ ವರ್ಷದಿಂದ ಸೋಲುತ್ತಲೇ ಬಂದಿದ್ದ ಕಾಲೇಜು ಗೆಲ್ಲುತ್ತಿದೆ! ನಾಯಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಇಬ್ಬರೂ ಕೂಗಿದೆವು.

ಓಟ ಮುಗಿದ ಗಂಟೆ ಹೊಡೆಯಿತು. ಆಗ ತಿರುಗಿದೆವು. ಪಟ್ಟೆಯ ಮೇಲೆ ನಮ್ಮ ಹುಡುಗ ಒಬ್ಬನೇ ಅಂಗಾತ ಬಿದ್ದಿದ್ದ. ಎದುರಾಳಿ ಕಾಲೇಜಿನವರು ಯಾವಾಗಲೋ ಗೆದ್ದು, ಮುಖ ತೊಳೆದು, ಚಹಾ ಕುಡಿಯುತ್ತಿದ್ದರು.

"ರೀ, ನಾವು ಗೆಲ್ಲಲಿಲ್ಲವಾ?"

"ಎಲ್ಲಿ ಬಂತು! ಕಟ್ಟಕಡೆ ನಮ್ಮವನೇ."

"ಮತ್ತೆ ಬೆಂಚು ಹತ್ತಿ ಕಿರುಚಿದ್ದು?"

"ಮುಗ್ಗರಿಸಿ ಬಿದ್ದಮೇಲೂ ಎದ್ದು ಓಡಿದ ಕಣೇ. ನಿಲ್ಲಿಸಲೇ ಇಲ್ಲ," ಎಂದು ಮೂಗು ಒರೆಸಿಕೊಂಡರು.

ಇದನ್ನು ನಾಯಕನಿಗೆ ಹೇಗೆ ಹೇಳುವುದು ಎಂದು ನನಗೆ ಸಂಕಟ. ಅವನು ಮೈದಾನಕ್ಕೆ ಬಗ್ಗಿ ನಮಸ್ಕಾರ ಮಾಡಿ, "ಗೆಲ್ಲುವವನಿಗೆ ಕಾಲಿದೆ. ಕೂಗು ಬೇಕಾದದ್ದು ಕೊನೆಯವನಿಗೆ" ಎಂದ. ಕೈಗವಸು ಕಳಚುತ್ತಾ ಸೇರಿಸಿದ: "ನಮ್ಮ ಕಾಲೇಜಿನಲ್ಲಿ ನಮ್ಮ ಸಂಘಕ್ಕೆ ಕೆಲಸ ಇಲ್ಲ ಅಂತ ಯಾವತ್ತೂ ಆಗಿಲ್ಲ."

ಬಗ್ಗಿದವರು

ಅಧಿಕಾರಿ ಒಪ್ಪಿದರು, ಆದರೆ ಪೂರ್ತಿ ಒಪ್ಪಲಿಲ್ಲ. "ಈ ಸಲ ಸರಿ. ವಸಂತಕಾಲಕ್ಕೆ ನಾಯಕ ಪಾಸಾಗುತ್ತಾನೆ, ಓಕುಸಾನ್ ಊರಿಗೆ ಹೋಗುತ್ತಾರೆ. ಆಮೇಲೆ? ಕೋಣೆಯ ವಿಷಯ ಯೋಚಿಸಿ ಹೇಳುತ್ತೇನೆ" ಎಂದರು.

ಆ ಸುದ್ದಿ ಅಂಗಡಿ ಬೀದಿಗೆ ಮುಟ್ಟಿತು. ಮುಂದಿನ ವಾರ ಆಫೀಸಿನ ಮುಂದೆ ಸಾಲು. ತೋಫು ಅಜ್ಜಿ, ಬೂಟಿನಂಗಡಿಯವರು, ದರ್ಜಿ, ಹಪ್ಪಳದವರು. ಎಲ್ಲರೂ ತರಗತಿಗೆ ಸೇರುವವರೇ. ಜಾಗ ಖಾಲಿ ಇದ್ದದ್ದು ಭೂಗರ್ಭಶಾಸ್ತ್ರದಲ್ಲಿ ಮಾತ್ರವಂತೆ.

"ಅಜ್ಜಿ, ಭೂಗರ್ಭಶಾಸ್ತ್ರ ಯಾಕೆ?" ಎಂದೆ.

"ಹೇಗೂ ಇನ್ನು ಸ್ವಲ್ಪ ದಿನಕ್ಕೆ ಅಲ್ಲಿಗೇ ಹೋಗಬೇಕಲ್ಲ. ಮುಂಚೆಯೇ ತಿಳಿದುಕೊಂಡಿರೋಣ" ಎಂದರು.

ಹೀಗೆ ದೇವರಿಗೆ ಒಟ್ಟಿಗೇ ನಾಲ್ಕು ಜನ ಮುದಿ ಕಸ ಸಿಕ್ಕಿತು. ಕೋಣೆಯಲ್ಲಿ ಅವರ ಮೊದಲ ದಿನ. ನಾಯಕ ನಗಾರಿಯ ಮುಂದೆ ನೆಟ್ಟಗೆ ನಿಂತಿದ್ದ. ಹೊಸಬರು ಸಾಲಾಗಿ ನಿಂತು ಬಗ್ಗಿದರು. ಎಲ್ಲರಿಗಿಂತ ಆಳವಾಗಿ ಬಗ್ಗಿದವರು ಅಜ್ಜಿ. ಅದೇ ಹೊತ್ತಿಗೆ ಬಾಗಿಲು ತೆರೆದುಕೊಂಡಿತು. ಕೋಣೆಯ ತೀರ್ಮಾನ ತಿಳಿಸಲು ಅಧಿಕಾರಿ ಬಂದಿದ್ದರು.

ಅಷ್ಟು ಹಿರಿಯರು ಬಗ್ಗಿರುವಾಗ ತಾವು ನೆಟ್ಟಗೆ ನಿಲ್ಲುವುದುಂಟೇ? ಅಧಿಕಾರಿಯೂ ಬಗ್ಗಿದರು. ಅಧಿಕಾರಿ ಬಗ್ಗಿದ್ದರಿಂದ ನಾಯಕ ಬಗ್ಗಿದ. ನಾಯಕ ಬಗ್ಗಿದ್ದರಿಂದ ನಾನು. ಆ ದೇಶದಲ್ಲಿ ಹಿರಿಯರು ಏಳುವ ತನಕ ಕಿರಿಯರು ತಲೆ ಎತ್ತುವಂತಿಲ್ಲ. ಅಜ್ಜಿ ಏಳಲಿಲ್ಲ. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಅಜ್ಜಿ ಏಳಲೇ ಇಲ್ಲ. ಒಂದು ಸಂಘಕ್ಕಾಗಿ, ಮಕ್ಕಳಲ್ಲದ ಮಕ್ಕಳಿಗಾಗಿ, ಈ ವಯಸ್ಸಿನಲ್ಲಿ ಹೀಗೆ ಬೇಡಿಕೊಳ್ಳುತ್ತಿದ್ದಾರಲ್ಲ ಎಂದು ನನಗೆ ನೆಲ ಮಂಜಾಗಿ ಕಾಣತೊಡಗಿತು. ಪಕ್ಕದಲ್ಲಿ ನಾಯಕ ಬಿಕ್ಕುವುದು ಕೇಳಿಸಿತು.

ಕೊನೆಗೆ ಅಧಿಕಾರಿಗೂ ತಡೆಯಲಾಗಲಿಲ್ಲ. ಬಗ್ಗಿದಲ್ಲಿಂದಲೇ, ನೆಲಕ್ಕೆ ಹೇಳುವ ಹಾಗೆ, ನಡುಗುವ ದನಿಯಲ್ಲಿ ಅಂದರು: "ಸಾಕು ಅಜ್ಜಿ. ನನಗೆ ಅರ್ಥವಾಯಿತು. ಸಂಘ ಇರುತ್ತದೆ. ಕೋಣೆ ನಿಮ್ಮದೇ."

"ಅರಿಗಾತೋ, ಉಪಕಾರವಾಯಿತು," ಎಂದಿತು ಅಜ್ಜಿಯ ದನಿ, ಎಲ್ಲಕ್ಕಿಂತ ಕೆಳಗಿನಿಂದ. "ಈಗ ಯಾರಾದರೂ ಬಂದು ನನ್ನನ್ನು ಎತ್ತಿ. ಬಗ್ಗಿದಾಗಲೇ ಸೊಂಟ ಹಿಡಿದುಕೊಂಡಿತು."