ಅತ್ತೆ ನನ್ನೊಡನೆ ಮಾತಾಡುವುದಿಲ್ಲ

ನಗು ಬರಿಸುವಂಥದ್ದು ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ಆಗುತ್ತದೆ. ಮೊದಲು ಅದನ್ನು ಹೇಳಿಕೊಳ್ಳಲು ಮನೆಯಲ್ಲೇ ಒಬ್ಬಳಿದ್ದಳು. ಈಗ ಬರೆದಿಡುತ್ತಿದ್ದೇನೆ.

ಅದು ಜೂನ್ ತಿಂಗಳ ಒಂದು ಬುಧವಾರ. ಬೆಳಿಗ್ಗೆ ಹೆಂಡತಿ ಉಪ್ಪಿಟ್ಟು ಮಾಡಿದ್ದಳು. ನಾನು ಎಂದಿನಂತೆ ಶ್ರೀರಂಗಪಟ್ಟಣದಿಂದ ಬಸ್ಸು ಹಿಡಿದು ಪಾಂಡವಪುರದ ಕಡೆಯ ನಮ್ಮ ಶಾಲೆಗೆ ಹೋದೆ. ಎರಡನೇ ಪೀರಿಯಡ್ಡಿನಲ್ಲಿ ಎಂಟನೇ ತರಗತಿಗೆ ವೃತ್ತದ ಪರಿಧಿ ಹೇಳುತ್ತಿದ್ದಾಗ ಹೆಡ್ಮಾಸ್ಟರು ಬಾಗಿಲಿಗೆ ಬಂದು, "ಮೇಷ್ಟ್ರೆ, ಪುಸ್ತಕ ಮುಚ್ಚಿ ಬನ್ನಿ" ಅಂದರು. ಬಟ್ಟೆ ಒಣಹಾಕುತ್ತಿದ್ದವಳು ಹಿತ್ತಿಲಲ್ಲೇ ಕುಸಿದಿದ್ದಳು. ಪಕ್ಕದ ಮನೆಯ ಆಟೋ ಸಾಹೇಬರು ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಮುಗಿದಿತ್ತು.

ತಿಥಿಯಾದ ಮೇಲೆ ನೆಂಟರೆಲ್ಲ ಹೊರಟರು. ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಹೊರಡಲಿಲ್ಲ. ಅವರ ಊರು ನಾಗಮಂಗಲದ ಆಚೆ. "ಮಗಾ ಕಾಲೇಜಿಗೆ ಓಗಗಂಟ ಬೇಯ್ಸಾಕ್ಕಂಡಿರ್ತೀನಿ" ಎಂದು ನನ್ನ ಮಗಳನ್ನು ತೋರಿಸಿ ತಮ್ಮ ಮಗನಿಗೆ ಹೇಳಿ ಚೀಲವನ್ನು ಒಳಗಿಟ್ಟರು. ನನಗೆ ಹೇಳಲಿಲ್ಲ. ನಮ್ಮ ಕಡೆಯ ಹಳೇ ಕಾಲದ ಹೆಂಗಸರು ಅಳಿಯನ ಎದುರಿಗೆ ನಿಲ್ಲುವುದಿಲ್ಲ, ಅಳಿಯನೊಡನೆ ನೇರವಾಗಿ ಮಾತಾಡುವುದಿಲ್ಲ. ಅದು ಜಗಳವಲ್ಲ, ಮರ್ಯಾದೆ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅತ್ತೆಯೆಂದರೆ ನನಗೆ ಒಂದು ಸೆರಗು, ಬಡಿಸುವ ಒಂದು ಕೈ, ಬಾಗಿಲ ಹಿಂದಿನ ಒಂದು ದನಿ. ನಡುವೆ ನಿಂತು ಮಾತನ್ನು ಅತ್ತಿಂದಿತ್ತ ದಾಟಿಸುತ್ತಿದ್ದವಳು ನನ್ನ ಹೆಂಡತಿ.

೧. ನಾಲ್ಕನೇ ಮುದ್ದೆ

ಇದು ಮದುವೆಯ ಮೊದಲ ವರ್ಷದ್ದು. ಯುಗಾದಿಯ ಮಾರನೆಯ ದಿನ ಮಾವನ ಮನೆಯಲ್ಲಿ ಹೊಸತೊಡಕಿನ ಬಾಡೂಟ. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳ ಕೈಲಿ ಮುದ್ದೆ ಕಳಿಸುತ್ತಿದ್ದರು. ಎರಡಕ್ಕೆ ನನ್ನ ಹೊಟ್ಟೆ ತುಂಬಿತು.

"ಇನ್ನೊಂದ್ ಇಕ್ಬೇಕಾ ಕೇಳವ್ವ" ಎಂದಿತು ಬಾಗಿಲು.

"ಬೇಡ ಅನ್ನು" ಎಂದು ಹೆಂಡತಿಗೆ ಪಿಸುಗುಟ್ಟಿದೆ.

ಅವಳು ಬಾಗಿಲ ಕಡೆ ತಿರುಗಿದಳು. "ನಾಚ್ಕತಾವ್ರೆ ಕಣವ್ವ. ಇಕ್ಬೇಕಂತೆ."

ಮೂರನೆಯದು ಬಂತು. ಅತ್ತೆ ಕಳಿಸಿದ್ದನ್ನು ಎಲೆಯಲ್ಲಿ ಬಿಟ್ಟು ಏಳುವಂತಿಲ್ಲ. ತಿಂದೆ. ಮತ್ತೆ ಬಾಗಿಲು ಕೇಳಿತು.

"ದಮ್ಮಯ್ಯ, ಸಾಕು ಅಂತ ಹೇಳಿಬಿಡು" ಎಂದೆ.

"ಸಾರು ಬಲು ಸೊಗಸಾಗದಂತೆ ಕಣವ್ವ" ಎಂದಳು ಅವಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ನಾಲ್ಕನೆಯದನ್ನು ಮುಗಿಸಿ ಗೋಡೆ ಹಿಡಿದು ಎದ್ದೆ. ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು. "ಮೇಷ್ಟ್ರು ಅಂದ್ರೆ ಸೊರಗ್ದೋರು ಅನ್ಕಂಡಿದ್ದೆ. ಇವ್ರು ಒಲ ಉಳೋರ್ಗಿಂತ ಮೇಲು ಕಣಪ್ಪ" ಎಂದರು. ಆ ಊರಿನಲ್ಲಿ ನನಗೆ ಬಂದ ಏಕೈಕ ಕೀರ್ತಿ ಅದು. ಮುಂದೆ ಹೋದಾಗಲೆಲ್ಲ ಕೇಳದೆಯೇ ನಾಲ್ಕು ಬರುತ್ತಿದ್ದವು. ಹೆಂಡತಿ ಅದನ್ನು ಒಮ್ಮೆಯೂ ಸರಿಪಡಿಸಲಿಲ್ಲ.

೨. ಮಾರ್ಗ: ಮಂಡ್ಯ

ಹೆಂಡತಿ ಹೋದ ಮೇಲೆ ಮೂರು ತಿಂಗಳು ಮಾತು ದಾಟಿಸುವ ಆ ಕೆಲಸವನ್ನು ಮಗಳು ನೋಡಿಕೊಂಡಳು. ಊಟಕ್ಕೆ ಕೂತರೆ ಅವಳ ಕತ್ತು ಎರಡೂ ಕಡೆ ತಿರುಗುತ್ತಿತ್ತು. ಸೆಪ್ಟೆಂಬರಿನಲ್ಲಿ ಮಂಡ್ಯದಲ್ಲಿ ನರ್ಸಿಂಗ್ ಸೀಟು ಸಿಕ್ಕಿ ಹಾಸ್ಟೆಲಿಗೆ ಹೋದಳು. ಅತ್ತೆ ಹೇಳಿದ್ದ ಅವಧಿ ಅಲ್ಲಿಗೆ ಮುಗಿದಿತ್ತು. ಅವರು ಹೊರಡಲಿಲ್ಲ. ನಾನು ಕೇಳಲಿಲ್ಲ. ಎರಡು ದಿನ ಮನೆಯಲ್ಲಿ ಕುಕ್ಕರಿನ ಕೂಗು ಬಿಟ್ಟರೆ ಬೇರೆ ದನಿಯಿರಲಿಲ್ಲ.

ಮೂರನೆಯ ದಿನ ನನ್ನ ಫೋನು ರಿಂಗಾಯಿತು. ಮಗಳು.

"ಅಪ್ಪ, ಸೊಪ್ಪು ತಂದಿಟ್ಟಿದ್ದೀರಂತೆ. ಬಸ್ಸಾರು ಮಾಡ್ಬೇಕಾ, ಮಸ್ಸೊಪ್ಪು ಮಾಡ್ಬೇಕಾ ಅಂತ ಅಜ್ಜಿ ಕೇಳ್ತಾವ್ರೆ."

"ಅಜ್ಜಿ ಎಲ್ಲಿಂದ ಫೋನ್ ಮಾಡಿದ್ರು?"

"ಅಡುಗೆಮನೆಯಿಂದ."

"ನಾನು ಪಡಸಾಲೆಯಲ್ಲೇ ಇದೀನಿ."

"ಗೊತ್ತಪ್ಪ. ಬೇಗ ಹೇಳಿ, ನಂಗೆ ಕ್ಲಾಸದೆ."

"ಬಸ್ಸಾರು" ಎಂದೆ.

ಎಂದ ಕೂಡಲೇ ಒಳಗಿನಿಂದ ಮೆಣಸಿನಕಾಯಿ ಹುರಿಯುವ ಘಾಟು ಬಂತು. ಒಂದು ನಿಮಿಷ ಕಳೆದ ಮೇಲೆ ಅತ್ತೆಯ ಫೋನು ರಿಂಗಾಯಿತು. "ಔದಾ? ಬಸ್ಸಾರಂತಾ?" ಎಂದರು, ಈಗ ತಾನೇ ಗೊತ್ತಾದವರ ಹಾಗೆ.

೩. ಖಾಲಿ ಸೀಟು

ಕೆ.ಆರ್. ಪೇಟೆಯಲ್ಲಿ ಕಾಲು ಮುರಿದುಕೊಂಡಿದ್ದ ನೆಂಟರೊಬ್ಬರನ್ನು ನೋಡಿಕೊಂಡು ನಾನೂ ಅತ್ತೆಯೂ ವಾಪಸು ಬರುತ್ತಿದ್ದೆವು. ಬಸ್ಸಿನಲ್ಲಿ ಎಲ್ಲರಿಗೂ ಜಾಗ ಸಿಕ್ಕಿ, ಕೊನೆಗೆ ಇಬ್ಬರು ಕೂರುವ ಒಂದೇ ಸೀಟು ಉಳಿಯಿತು. ಅತ್ತೆ ಕೂತರು. ಅವರ ಪಕ್ಕ ಕೂರುವಂತಿಲ್ಲ, ಆದ್ದರಿಂದ ನಾನು ನಿಂತೆ. ಅಳಿಯ ನಿಂತಿರುವಾಗ ತಾವು ಕೂರುವಂತಿಲ್ಲ, ಆದ್ದರಿಂದ ಅತ್ತೆ ಎದ್ದರು. ಅವರು ನಿಂತಿರುವಾಗ ನಾನೂ ಕೂರುವಂತಿಲ್ಲ.

ಕಂಡಕ್ಟರು ಬಂದು ಸೀಟನ್ನು ನೋಡಿದ. ನಮ್ಮಿಬ್ಬರನ್ನೂ ನೋಡಿದ.

"ಯಾರಾನ ವಾಂತಿ ಮಾಡವ್ರಾ ಸಾ?"

"ಇಲ್ಲಪ್ಪ."

"ಮತ್ಯಾಕೆ ಇಬ್ರೂ ನಿಂತಿದ್ದೀರಿ?"

"ನಮ್ಮತ್ತೆ" ಎಂದೆ.

"ನಮ್ಮನೇಲೂ ಅಂಗೇ ಕಣ್ ಸಾ" ಎಂದು ಟಿಕೆಟ್ ಮಿಷನ್ನನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಆ ಸೀಟಿನಲ್ಲಿ ಕೂತ. ಪಾಂಡವಪುರದವರೆಗೆ ಕಾಲು ಚಾಚಿಕೊಂಡು ಬಂದ.

೪. ಪಕ್ಕದ ಮನೆಯ ಮೇಕೆ

ಆಟೋ ಸಾಹೇಬರದು ಒಂದು ಹಾಲಿನ ಮೇಕೆ. ಅದಕ್ಕೆ ನಮ್ಮ ಮೆಟ್ಟಿಲಿನ ಮೇಲೆ ಮಲಗುವುದು ರೂಢಿ. ಮಗಳ ಪರೀಕ್ಷೆಯ ದಿನಗಳು. ಅವಳ ಫೋನು ಸ್ವಿಚ್ ಆಫ್ ಆಗಿತ್ತು. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲ ಹಿಂದಿನಿಂದ ದನಿ ಬಂತು.

"ನೋಡಮ್ಮಿ ಮೇಕೆ, ಮೋಡ ಕವ್ಕಂಡದೆ. ಕೊಡೆ ಬುಟ್ಟು ಒಂಟವ್ರಲ್ಲಾ, ಯೋಳ್ಬಾರ್ದಾ?"

ಮೇಕೆ ಮೆಲುಕು ಹಾಕುತ್ತಿತ್ತು. ಎರಡು ಕ್ಷಣ ಯೋಚಿಸಿ ನಾನೂ ಅದರ ಕಡೆಗೇ ತಿರುಗಿದೆ. "ಸ್ಕೂಲಲ್ಲಿ ಇನ್ನೊಂದು ಕೊಡೆ ಅದೆ ಅಂತ ಹೇಳು."

"ಬಸ್‌ಸ್ಟ್ಯಾಂಡ್‌ಗೆ ಓಗಗಂಟ ಏನ್ ಮಾಡಾರು ಕೇಳಮ್ಮಿ."

ಒಳಗೆ ಕೈ ಚಾಚಿ ಕೊಡೆ ತೆಗೆದುಕೊಂಡೆ. ಅಂದಿನಿಂದ ಗ್ಯಾಸ್ ಸಿಲಿಂಡರು, ನಲ್ಲಿ ನೀರು, ಹಾಲಿನವನು, ಎಲ್ಲ ವಿಷಯವೂ ಮೇಕೆಯ ಮೂಲಕವೇ ತೀರ್ಮಾನವಾಗತೊಡಗಿತು. ಸಾಹೇಬರು ದಿನವೂ ಆಟೋ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದರು. ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಬೇಲಿಯ ಹತ್ತಿರ ಕರೆದರು.

"ಮೇಷ್ಟ್ರೆ, ಬೇಜಾರು ಮಾಡ್ಕೋಬೇಡಿ. ನಮ್ ಬಕ್ರಿ ಹಾಲು ಕಮ್ಮಿ ಮಾಡ್ಬಿಟ್ಟಿದೆ. ಎರಡು ಮನೆ ಟೆನ್ಷನ್ ಒಂದೇ ತಲೇಲಿ ಇಟ್ಕೊಂಡ್ರೆ ಬಿಚಾರಿ, ಪಾಪ, ಏನ್ ಮಾಡುತ್ತೆ?"

೫. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ಸಂಕ್ರಾಂತಿಯಾದ ವಾರ ಭಾವಮೈದ, ಅಂದರೆ ಅತ್ತೆಯ ಮಗ, ಫೋನು ಮಾಡಿದ. "ಭಾನ್ವಾರ ಬತ್ತೀನಿ ಭಾವ, ಅವ್ವನ್ನ ಕರ್ಕಂಡೋಯ್ತೀನಿ. ಮಗಾನೂ ಆಸ್ಟೆಲ್ ಸೇರ್ಕತು. ಇನ್ನೇನ್ ಕೆಲ್ಸ ಅವ್ವಂಗೆ ಅಲ್ಲಿ?"

ಸರಿ ಎಂದೆ. ಅವನ ಮಾತು ನ್ಯಾಯವಾಗಿಯೇ ಇತ್ತು. ಆದರೆ ಅಂದಿನಿಂದ ಒಳಗೆ ಚೀಲದ ಜಿಪ್ಪಿನ ಸದ್ದು ಕೇಳಿದಾಗಲೆಲ್ಲ ಓದುತ್ತಿದ್ದ ಪೇಪರಿನ ಸಾಲು ತಪ್ಪುತ್ತಿತ್ತು. ಹೋಗಬೇಡಿ ಎನ್ನಬೇಕಿತ್ತು. ಒಂದೇ ಮಾತು. ಯಾರ ಕೈಲಿ ಹೇಳಿಸುವುದು?

ಮಗಳಿಗೆ ಫೋನು ಮಾಡಿದೆ. "ಸಾರು ಸೊಪ್ಪಿನ ವಿಷಯ ಆದ್ರೆ ಹೇಳ್ತೀನಪ್ಪ. ಇದನ್ನ ನೀವೇ ಹೇಳ್ಬೇಕು" ಎಂದಳು. ಸಾಹೇಬರನ್ನು ಕೇಳಿದೆ. "ನಾನು ಹೇಳಿದ್ರೆ ಪಕ್ಕದ ಮನೆಯೋರ ಮಾತಾಗುತ್ತೆ, ಮನೆಯೋರ ಮಾತು ಆಗಲ್ಲ" ಎಂದರು. ಮೇಕೆಗೆ ಹೇಳುವ ಮಾತು ಅದಲ್ಲ.

ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಬಾಯಿಬಿಟ್ಟು ಕೇಳಲಾಗದ್ದನ್ನೆಲ್ಲ ನಾನು ಕಾಗದದಲ್ಲೇ ಕೇಳಿದವನು. ರಜೆ, ವರ್ಗಾವಣೆ, ತರಗತಿಗೆ ಬೆಂಚು. ಶನಿವಾರ ಮಧ್ಯಾಹ್ನ ಕೂತು, ಎಡಕ್ಕೆ ಮಾರ್ಜಿನ್ ಬಿಟ್ಟು, ದುಂಡಗೆ ಬರೆದು, ಒಲೆಯ ಪಕ್ಕದ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟು ಬಂದೆ. ಅತ್ತೆಗೆ ಓದಲು ಬಾರದು. ಇದು ನನಗೆ ನೆನಪಾದದ್ದು ಮಾರನೆಯ ದಿನ, ಭಾವಮೈದ ಪಡಸಾಲೆಗೆ ಬಂದು ಕೂತು, ಬಾಗಿಲ ಹಿಂದಿನ ಕೈ ಆ ಹಾಳೆಯನ್ನು ಅವನ ಕಡೆ ಚಾಚಿದಾಗ.

"ಅದೇನೋ ಬರ್ದು ಮಡಗವ್ರೆ. ಓದ್ಲಾ."

ಅವರ ಊರಿನ ಡೇರಿಯ ಸಭೆಗಳಲ್ಲಿ ವರದಿ ಓದುವವನು ಅವನೇ. ಎದ್ದು ನಿಂತು, ಬೀದಿಗೆ ಕೇಳುವ ಹಾಗೆ ಶುರು ಮಾಡಿದ.

"ಇವರಿಂದ: ಅಳಿಯ, ಪಡಸಾಲೆ, ಶ್ರೀರಂಗಪಟ್ಟಣ. ಇವರಿಗೆ: ಅತ್ತೆಯವರು, ಅಡುಗೆಮನೆ, ಶ್ರೀರಂಗಪಟ್ಟಣ. ವಿಷಯ: ತಾವು ಇಲ್ಲಿಯೇ ಮುಂದುವರಿಯುವ ಬಗ್ಗೆ." ಅವನು ತಲೆ ಎತ್ತಿದ. "ಇದ್ಯಾವ ಆಫೀಸಿಗೆ ಭಾವ?"

"ನೀ ಓದ್ಲಾ" ಎಂದಿತು ಬಾಗಿಲು.

"ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಹೊರಟಲ್ಲಿ ಈ ಕೆಳಕಂಡ ತೊಂದರೆಗಳು ಉಂಟಾಗುತ್ತವೆ. ಒಂದು: ಸಂಜೆ ಶಾಲೆಯಿಂದ ಬಂದಾಗ ಬೀಗವನ್ನು ನಾನೇ ತೆಗೆಯಬೇಕಾಗುತ್ತದೆ. ಎರಡು: ಅವಳ ಚಿಕ್ಕಂದಿನ ವಿಷಯ ಗೊತ್ತಿರುವವರು ಈ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ."

ಇಲ್ಲಿ ಅವನ ದನಿ ತಗ್ಗಿತು. ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡ. ನಾನು ಕ್ಯಾಲೆಂಡರು ನೋಡುತ್ತಿದ್ದೆ.

"ಮೂರು?" ಎಂದರು ಅತ್ತೆ.

"ಮೂರು: ಸಾರಿಗೆ ಉಪ್ಪು ಹೆಚ್ಚಾದ ಬಗ್ಗೆ ನಾನು ಇದುವರೆಗೆ ಯಾರ ಮುಖಾಂತರವೂ ದೂರು ಸಲ್ಲಿಸಿರುವುದಿಲ್ಲ."

"ಉಪ್ಪು ಜಾಸ್ತಿಯಂತಾ?"

"ಗೊತ್ತಿಲ್ಲ ಕಣವ್ವ, ದೂರು ಕೊಟ್ಟಿಲ್ವಂತೆ. ಆದ್ದರಿಂದ ಈ ಅರ್ಜಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ. ತಮ್ಮ ವಿಶ್ವಾಸಿ. ಸಹಿ ಅದೆ, ದಿನಾಂಕ ಅದೆ, ಸ್ಥಳಾನೂ ಅದೆ."

"ಸೀಲ್ ಹಾಕಿದಾರಾ?" ಎಂದು ಬೀದಿಯಿಂದ ಸಾಹೇಬರು ಕೇಳಿದರು.

ಬಾಗಿಲ ಹಿಂದೆ ಏನೋ ಸದ್ದಾಯಿತು. ಅಳುವೋ ನಗುವೋ ತಿಳಿಯಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೆ ಎರಡೂ ಒಂದೇ ಥರ ಕೇಳುತ್ತವೆ.

"ಲೋ ಮಗಾ" ಎಂದರು ಆಮೇಲೆ. "ನಮ್ಮೂರ್ ಪಂಚಾಯ್ತೀಲಿ ಒಂದ್ ಅರ್ಜಿ ಕೊಟ್ರೆ ತೀರ್ಮಾನ ಆಗಕ್ಕೆ ಎಷ್ಟ್ ದಿನ ಆಯ್ತದೆ?"

"ಅದಾ? ವರ್ಷ, ಎರಡ್ ವರ್ಷಾನೂ ಆಯ್ತದೆ ಕಣವ್ವ."

"ಅಂಗಾರೆ ನೀ ಓಗು. ತೀರ್ಮಾನ ಆದ್ಮೇಲೆ ಬಾ."

ಭಾವಮೈದ ಊಟ ಮಾಡಿ, ಮೂರೂವರೆಯ ನಾಗಮಂಗಲದ ಬಸ್ಸಿಗೆ ಒಬ್ಬನೇ ಹೋದ.